ಯಾರ ಸರದಿ? ಹುಣಸೂರು ಉಪವಿಭಾಗದ ಭೂ ಸೇವೆಗಳಲ್ಲಿ ಹಂತಪಟ್ಟಿಯ ವಿನ್ಯಾಸ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಗಳು ಸೇರಿ ಹುಣಸೂರು ಉಪವಿಭಾಗ. ಇಲ್ಲಿ ಒಂದು ಸರ್ವೆ ನಂಬರಿನ ಭಾಗವನ್ನಷ್ಟೇ ಮಾರುವ ವ್ಯವಹಾರ ಮೂರು ತಂತ್ರಾಂಶಗಳನ್ನು ಹಾಯಬೇಕು: ಮೋಜಿಣಿಯಲ್ಲಿ ಮಾರುವ ಭಾಗದ 11ಇ ನಕ್ಷೆ, ಕಾವೇರಿಯಲ್ಲಿ ಕ್ರಯಪತ್ರದ ನೋಂದಣಿ, ಭೂಮಿಯಲ್ಲಿ ಮ್ಯುಟೇಷನ್. ಕೊಂಡವರ ಹೆಸರು ಪಹಣಿಗೆ ಏರುವುದು ಆಮೇಲೆ. ಈ ಕ್ರಮವನ್ನು ಪತ್ರ ಬರಹಗಾರರು ಬಾಯಿಪಾಠವಾಗಿ ಬಲ್ಲರು. ತಂತ್ರಾಂಶಗಳು ಮಾತ್ರ ತಂತಮ್ಮ ಅರ್ಜಿಯ ಸ್ಥಿತಿ ಹೇಳಿ ಸುಮ್ಮನಾಗುತ್ತವೆ.

2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಸಕಾಲ ವ್ಯವಸ್ಥೆ ಅರ್ಜಿಗೊಂದು 15 ಅಂಕಿಗಳ ಸಂಖ್ಯೆ, ಸೇವೆಗೊಂದು ಗಡುವು ಕೊಟ್ಟಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಉಂಟು. ಆದರೆ ಗಡುವು ಓಡುವುದು ಅರ್ಜಿಯೊಳಗೆ. ನಕ್ಷೆ ಸಿದ್ಧವಾದದ್ದು ತಿಳಿಯದೆ ರೈತ ಕಾದ ದಿನಗಳು ಯಾವ ಇಲಾಖೆಯ ಲೆಕ್ಕಕ್ಕೂ ಬರುವುದಿಲ್ಲ.

ಈ ಕೊರತೆ ನೀಗಲು ಹಂತಪಟ್ಟಿ, ಅಂದರೆ ಎಲ್ಲ ಹೆಜ್ಜೆಗಳನ್ನೂ ಸ್ಥಿತಿಯೊಂದಿಗೆ ಒಂದೆಡೆ ತೋರಿಸುವ ಪಟ್ಟಿ, ನೆರವಾಗಬಲ್ಲದು. ಬ್ರಿಟನ್ ಸರ್ಕಾರದ ಜಾಲತಾಣ ಗವ್.ಯುಕೆಯ ವಿನ್ಯಾಸ ವ್ಯವಸ್ಥೆಯಲ್ಲಿರುವ ಇಂಥ ಪಟ್ಟಿಯಲ್ಲಿ ಮುಗಿದ ಕೆಲಸ ಸಾದಾ ಅಕ್ಷರದಲ್ಲಿರುತ್ತದೆ, ಉಳಿದದ್ದಕ್ಕೆ ಬಣ್ಣದ ಗುರುತು; ಕಣ್ಣು ನೇರ ಬಾಕಿ ಕೆಲಸದ ಮೇಲೆ ಬೀಳುತ್ತದೆ. ಇದನ್ನು ಹಾಗೇ ಎರವಲು ತಂದರೆ ಸಾಲದು. ಅಲ್ಲಿನ ಪಟ್ಟಿ ಬಹುಪಾಲು ಅರ್ಜಿದಾರನೇ ತುಂಬಬೇಕಾದ ಭಾಗಗಳದ್ದು. ನಮ್ಮಲ್ಲಿ ಅರ್ಧದಷ್ಟು ಹೆಜ್ಜೆಗಳು ಕಚೇರಿಯವು. ನೋಂದಣಿಯಾದೊಡನೆ ಅದರ ವಿವರವಿರುವ ಜೆ-ಸ್ಲಿಪ್ ಕಾವೇರಿಯಿಂದ ಭೂಮಿಗೆ ತಾನಾಗಿ ಹೋಗುತ್ತದೆ. ಅದನ್ನು ಪಟ್ಟಿ ಹೇಳದಿದ್ದರೆ, ಕ್ರಯಪತ್ರದ ಜೆರಾಕ್ಸ್ ಹಿಡಿದು ನಾಡಕಚೇರಿಗೆ ಅಲೆಯುವುದು ತಪ್ಪದು. ಆದ್ದರಿಂದ ಪ್ರತಿ ಸಾಲೂ ಈಗ ಕೆಲಸ ಯಾರ ಕೈಯಲ್ಲಿದೆ, ಯಾವ ಕಚೇರಿಯಲ್ಲಿದೆ ಎಂದು ಹೆಸರಿಸಬೇಕು. ಕೆ.ಆರ್. ನಗರದಿಂದ ಸಾಲಿಗ್ರಾಮ, ಎಚ್.ಡಿ. ಕೋಟೆಯಿಂದ ಸರಗೂರು ಬೇರೆ ತಾಲ್ಲೂಕುಗಳಾದ ಮೇಲಂತೂ ಕಚೇರಿಯ ಹೆಸರು ಬಿಡುವಂತಿಲ್ಲ.

ತಕರಾರಿನ ಹೆಜ್ಜೆ ಬೇರೆ ಬಗೆಯದು. ಮ್ಯುಟೇಷನ್‌ಗೆ ಆಕ್ಷೇಪಣೆ ಬಂದರೆ ವಿಚಾರಣೆ. ಆದೇಶ ಒಪ್ಪದವರು 1964ರ ಭೂಕಂದಾಯ ಅಧಿನಿಯಮದ 136(2)ನೇ ಪ್ರಕರಣದಡಿ 60 ದಿನಗಳೊಳಗೆ ಹುಣಸೂರಿನ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕು. ಮೊದಲ ದಿನವೇ ಇದನ್ನು ಪಟ್ಟಿಯಲ್ಲಿಟ್ಟು ಹೆದರಿಸಬೇಕಿಲ್ಲ. ಆಕ್ಷೇಪಣೆ ದಾಖಲಾದಾಗ ಕಾಣಿಸಿಕೊಂಡರೆ ಸಾಕು, ಕೊನೆಯ ದಿನಾಂಕದೊಂದಿಗೆ.

ಮೂರೂ ತಂತ್ರಾಂಶಗಳನ್ನು ಪೋಣಿಸುವ ಎಳೆ ಅರ್ಜಿ ಸಂಖ್ಯೆಯಲ್ಲ, ಸರ್ವೆ ನಂಬರು. ತೊಡಕಿರುವುದೂ ಅಲ್ಲೇ: ಪೋಡಿಯಾದ, ಅಂದರೆ ಸರ್ವೆ ನಂಬರು ಭಾಗವಾದ, ಮೇಲೆ ಹಿಸ್ಸಾ ಸಂಖ್ಯೆ ಬದಲಾಗುತ್ತದೆ. ಹಳೆಯ ಸಂಖ್ಯೆ ಒತ್ತಿ ಹುಡುಕಿದವರಿಗೂ ಹೊಸ ಪಹಣಿ ಸಿಗುವಂತೆ, ಪಟ್ಟಿಯ ಕೊನೆಯ ಸಾಲು ಎರಡೂ ಸಂಖ್ಯೆಗಳನ್ನು ಒಟ್ಟಿಗೆ ತೋರಿಸಬೇಕು.