ಬೀದರಿನ ಗಾರೆ: ಒಂದು ವಿಚಾರ

ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ಒಯ್ದರೆಂಬುದನ್ನು ಎಲ್ಲರೂ ಬಲ್ಲರು. ಅಲ್ಲಿ ಕಟ್ಟಿದವರಿಗೆ ದೊರೆತ ಸಾಮಗ್ರಿಯನ್ನೂ ನಾವು ಗಮನಿಸಬೇಕು. ಭಾಲ್ಕಿ, ಔರಾದಗಳ ನೆಲ ಬಹುಮಟ್ಟಿಗೆ ಕರಿಕಲ್ಲು, ಎರೆಮಣ್ಣು. ಬೀದರ ನಗರವಾದರೋ ಕೆಂಪುಕಲ್ಲಿನ ಪ್ರಸ್ಥಭೂಮಿಯ ಮೇಲಿದೆ. ಈ ಕಲ್ಲು ಅಗೆಯುವಾಗ ಮೃದು. ಗಾಳಿ ತಾಗಿದಂತೆ ಗಟ್ಟಿಯಾಗುವುದು. ಅದನ್ನು ಬೆಸೆದ ಸುಣ್ಣದ ಗಾರೆಯ ಸ್ವಭಾವವೂ ಅಂತಹುದೇ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ ಅರೆದು ಕಟ್ಟಿದ ಮೇಲೆ, ಅದು ಗಾಳಿಯ ಇಂಗಾಲಾಮ್ಲವಾಯುವನ್ನು ಹೀರುತ್ತ, ವರ್ಷಗಟ್ಟಲೆ ಮಾಗಿ, ಮರಳಿ ಸುಣ್ಣಕಲ್ಲಾಗುವುದು. ಒಮ್ಮೆಗೇ ಒಣಗಿದರೆ ಬಿರಿಯುವುದರಿಂದ ಮೊದಲ ದಿನಗಳಲ್ಲಿ ತೇವವಿರಿಸಬೇಕು. ಆತುರಗಾರನಿಗೆ ಇದು ಒಗ್ಗದ ಕೆಲಸ.

1472ರ ಮಹಮೂದ್ ಗವಾನನ ಮದರಸಾದ ಒಂದು ಪಾರ್ಶ್ವವನ್ನು 17ನೆಯ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟವು ಕೆಡವಿತು. ಉಳಿದ ಮಿನಾರು ಇಂದಿಗೂ ನಿಂತಿದೆ.

ಕೆಂಪುಕಲ್ಲಿನ ಹಳೆಯ ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತುವುದನ್ನು ನಾವು ಒಪ್ಪಲಾರೆವು. ವಾರಗಟ್ಟಲೆ ನೀರುಣಿಸಿ ಗಟ್ಟಿಮಾಡುವ ಸಿಮೆಂಟು ಹೊಸ ಬ್ಲಾಕಿನ ಗೋಡೆಗೆ ಸರಿ. ರಂಧ್ರಮಯವಾದ ಈ ಕಲ್ಲಿನ ಸಂದಿನಲ್ಲಿ ಅದು ತೇವಕ್ಕೆ ಹೊರದಾರಿ ಕೊಡದು. ತೇವವು ಲವಣದೊಡನೆ ಕಲ್ಲಿನ ಮೂಲಕವೇ ಹೊರಬೀಳುವುದು. ಸಿಮೆಂಟು ಉಳಿದು ಕಲ್ಲು ಸವೆಯುವುದು.