ಅಚ್ಚು, ಮಗ್ಗ, ಹೆಂಚು: ಬಾಸೆಲ್ ಮಿಶನ್ನಿನ ಚರಿತ್ರೆಯಿಂದ ಒಂದು ಪ್ರಶ್ನೆ

ತಾಂತ್ರಿಕ ಪ್ರಗತಿಯನ್ನು ನಾವು ಸಾಮಾನ್ಯವಾಗಿ ಏಣಿಯಂತೆ ಕಲ್ಪಿಸಿಕೊಳ್ಳುತ್ತೇವೆ. ಮಂಗಳೂರಿನ ಬಾಸೆಲ್ ಮಿಶನ್ನಿನ ಚರಿತ್ರೆಯಾದರೋ ಬೇರೊಂದು ಚಿತ್ರವನ್ನು ಕೊಡುತ್ತದೆ. ಅಲ್ಲಿ ಪ್ರಗತಿಯ ಒತ್ತು ಮೇಲೇರುವುದಕ್ಕಿಂತ ಹೆಚ್ಚಾಗಿ ಒಂದು ಕ್ಷೇತ್ರದಿಂದ ಮತ್ತೊಂದಕ್ಕೆ ಸರಿಯುತ್ತದೆ. ಹೀಗೆ ಸರಿಸಿದ್ದು ಯಾವುದು?

1834ರಲ್ಲಿ ಬಂದ ಮಿಶನರಿಗಳಿಗೆ ಮೊದಲು ಬೇಕಾದದ್ದು ಅಕ್ಷರ. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. 1843ರಲ್ಲಿ ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಅಲ್ಲಿಂದ ಹೊರಟಿತು. ವಾಕ್ಯವನ್ನು ಸಾರುವ ಸಭೆಗೆ ಅಚ್ಚಿನ ಯಂತ್ರವೇ ಆ ಕಾಲದ ಮುಖ್ಯ ತಂತ್ರವಾಗಿತ್ತು.

ಸಭೆ ಬೆಳೆದಂತೆ ಇನ್ನೊಂದು ಕೊರತೆ ಎದ್ದುಕಂಡಿತು. ದೀಕ್ಷಾಸ್ನಾನ ಹೊಂದಿದವರಲ್ಲಿ ಅನೇಕರು ಮನೆತನದ ಆಸರೆಯನ್ನೂ ಕುಲಕಸುಬನ್ನೂ ಕಳೆದುಕೊಂಡರು. ಶೇಂದಿ ಇಳಿಸುತ್ತಿದ್ದ ಬಿಲ್ಲವರು ಆ ವೃತ್ತಿಯನ್ನು ಬಿಡಬೇಕೆಂಬುದು ಮಿಶನ್ನಿನ ನಿಲುವಾಗಿತ್ತು. ಎಫೆಸದ ಬೆಳ್ಳಿಕೆಲಸದವರು ಸುವಾರ್ತೆಯಿಂದ ತಮ್ಮ ಆದಾಯ ಹೋದೀತೆಂದು ಗದ್ದಲವೆಬ್ಬಿಸಿದರು. ಇಲ್ಲಿ ಸುವಾರ್ತೆಯನ್ನು ಅಂಗೀಕರಿಸಿದವರೇ ಆದಾಯವನ್ನು ಕಳೆದುಕೊಂಡರು. ಅವರಿಗೆ ಅನ್ನದ ದಾರಿಯನ್ನು ತೋರಿಸುವ ಹೊಣೆ ಸಭೆಯ ಮೇಲೆ ಬಿತ್ತು. ಆದುದರಿಂದ ಒತ್ತು ಮಗ್ಗದತ್ತ ಸರಿಯಿತು. 1851ರಲ್ಲಿ ಬಂದ ಹಾಲರ್ ನೇಯ್ಗೆಯನ್ನು ಸುಧಾರಿಸಿದರು. ಖಾಕಿ ಬಣ್ಣದ ಬಟ್ಟೆಗೆ ಆ ಕಾರ್ಖಾನೆ ಹೆಸರಾಯಿತು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ ದಡದ ಜೇಡಿಮಣ್ಣು ಮುಳಿಹುಲ್ಲಿನ ಮಾಡುಗಳ ಸ್ಥಾನಕ್ಕೆ ಬಂದಿತು. ಆದರೂ ಅಚ್ಚು ಸಾಯಲಿಲ್ಲ: 1894ರಲ್ಲಿ ಕಿಟ್ಟೆಲರ ನಿಘಂಟು ಮಿಶನ್ನಿನ ಮುದ್ರಣಾಲಯದಲ್ಲೇ ಅಚ್ಚಾಯಿತು.

ಹೀಗೆ ಒತ್ತನ್ನು ಸರಿಸಿದ್ದು ಯಂತ್ರದ ಒಳಗಿನ ಯಾವುದೋ ನಿಯಮವಲ್ಲ, ನೆರೆಯವನ ಹಸಿವು ಎಂದು ಹೇಳಲು ನಮಗೆ ಆಸೆಯಾಗುತ್ತದೆ. ಅದು ಅರ್ಧಸತ್ಯ. 1859ರಲ್ಲಿ ಬಾಸೆಲ್‌ನಲ್ಲಿ ವ್ಯಾಪಾರ ಕಂಪೆನಿ ಸ್ಥಾಪನೆಯಾಯಿತು. ಲಾಭವೂ ಲೆಕ್ಕಕ್ಕೆ ಬಂದಿತು. ಉಪದೇಶಿಸುವವರೂ ಕೂಲಿ ಕೊಡುವವರೂ ಒಂದೇ ಬಳಗದವರಾದಾಗ, ನಂಬಿಕೆ ಮತ್ತು ನೌಕರಿಯ ನಡುವಿನ ಗೆರೆ ಮಸುಕಾಯಿತು. ಮೊದಲನೆಯ ಮಹಾಯುದ್ಧದಿಂದಾಗಿ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಮುಂದೆ ಕಾಂಕ್ರೀಟಿನ ತಾರಸಿ ಬಂದಾಗ ಕರಾವಳಿಯ ಅನೇಕ ಹೆಂಚಿನ ಕಾರ್ಖಾನೆಗಳ ಒಲೆಗಳು ಆರಿದವು. ಆ ಒಲೆಗಳನ್ನು ನಂಬಿದ್ದ ಮನೆಗಳಿಗೆ ಎರಡನೆಯ ಸಲ ಕಸುಬು ತಪ್ಪಿತು.

ಇಂದು ಒತ್ತು ಗಣಕಯಂತ್ರದತ್ತ, ಕೃತಕ ಬುದ್ಧಿಮತ್ತೆಯತ್ತ ಸರಿದಿದೆ. ಹೊಸ ಸಾಧನವನ್ನು ಸಭೆಯ ಸೇವೆಗೆ ಹೇಗೆ ಬಳಸೋಣವೆಂದು ನಾವು ಉತ್ಸಾಹದಿಂದ ಚರ್ಚಿಸುತ್ತೇವೆ. ಅದು ಅಚ್ಚಿನ ಕಾಲದ ಪ್ರಶ್ನೆ, ಕೇಳತಕ್ಕದ್ದೇ. ಆದರೆ ಮಗ್ಗದ ಕಾಲದವರು ಕೇಳಿದ ಪ್ರಶ್ನೆ ಇನ್ನೂ ಹತ್ತಿರದ್ದು: ಈ ಬದಲಾವಣೆಯಿಂದ ನಮ್ಮ ಸಭೆಯಲ್ಲಿ ಯಾರ ಅನ್ನ ಹೋಗುತ್ತದೆ? ಪಾಲಕರಾಗುವವರು ಅವರ ಮನೆಗಳನ್ನು ಹೆಸರು ಹಿಡಿದು ಬಲ್ಲವರಾಗಿರಬೇಕು.