ಖಾತೆ ಸಂಖ್ಯೆ (ಬ್ಯಾಂಕಿಂಗ್, ಭಾರತ)

ಬ್ಯಾಂಕು ಪ್ರತಿ ಖಾತೆಯನ್ನು ಗುರುತಿಸಲು ಕೊಡುವ ಅಂಕಿಗಳ ಸಾಲು. ಭಾರತದಲ್ಲಿ ಇದಕ್ಕೆ ಏಕರೂಪದ ಉದ್ದವಿಲ್ಲ: ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ 11 ಅಂಕಿ, ಎಚ್‌ಡಿಎಫ್‌ಸಿಯಲ್ಲಿ 14. ಕೆಲವು ಬ್ಯಾಂಕುಗಳಲ್ಲಿ ಮೊದಲ ಅಂಕಿಗಳು ಶಾಖೆಯನ್ನು ಸೂಚಿಸುತ್ತವೆ.

ಲೆಕ್ಕದಲ್ಲಿ ಎಡಬದಿಯ ಸೊನ್ನೆಗೆ ಬೆಲೆಯಿಲ್ಲ. ಖಾತೆ ಸಂಖ್ಯೆಯಾದರೋ ಕೂಡಿ ಕಳೆಯುವ ಮೊತ್ತವಲ್ಲ, ಹೆಸರಿನಂಥ ಗುರುತು. ಅಲ್ಲಿ ಸೊನ್ನೆಯೂ ಒಂದು ಅಕ್ಷರವೇ. ಎಕ್ಸೆಲ್ ಹಾಳೆಯಲ್ಲಿ ಅದನ್ನು ಪಠ್ಯವೆಂದು ಗುರುತಿಸದೆ ಬರೆದರೆ 00123 ಎಂಬುದು 123 ಆಗುತ್ತದೆ; 15ರ ನಂತರದ ಅಂಕಿಗಳೆಲ್ಲ ಸೊನ್ನೆಯಾಗುತ್ತವೆ.

ಹಣ ವರ್ಗಾವಣೆಗೆ ಬೇಕಾದ ಐಎಫ್‌ಎಸ್‌ಸಿ ಸಂಕೇತದ 11 ಸ್ಥಾನಗಳಲ್ಲಿ ಮೊದಲ ನಾಲ್ಕು ಬ್ಯಾಂಕಿನವು, ಕೊನೆಯ ಆರು ಶಾಖೆಯವು. ನಡುವಿನ ಐದನೆಯದು ಮುಂದಿನ ಬಳಕೆಗೆ ಕಾದಿರಿಸಿದ ಸೊನ್ನೆ, ‘ಓ’ ಅಕ್ಷರವಲ್ಲ.